ಐದನೆಯ ಮೊಳೆ

ನಮ್ಮ ದ್ವೀಪದ ಕರಾವಳಿಯಲ್ಲಿ ಯಾರಾದರೂ ಸತ್ತರೆ ಮೊದಲು ಅಳುವವರು ರಾಜಕಾರಣಿಗಳು. ಮನೆಯವರು ಇನ್ನೂ ಹೆಣಕ್ಕೆ ಬಟ್ಟೆ ಉಡಿಸುತ್ತಿರುತ್ತಾರೆ, ಅಷ್ಟರಲ್ಲಿ ನನ್ನ ಅಂಗಡಿಯ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. ಶಾಸಕರ ಕಚೇರಿ, ಜಿಲ್ಲಾ ಪರಿಷತ್ತು, ಮೀನುಗಾರರ ಸಂಘ, ಹಸಿರು ಪಕ್ಷ, ನೀಲಿ ಪಕ್ಷ. ಎಲ್ಲರಿಗೂ ಒಂದೊಂದು ಶ್ರದ್ಧಾಂಜಲಿ ಬ್ಯಾನರ್ ಬೇಕು, ಎಲ್ಲರದೂ ನಡುವೆಯೇ ಇರಬೇಕು, ಎಲ್ಲರ ಹೆಸರೂ ಸತ್ತವನ ಹೆಸರಿಗಿಂತ ದಪ್ಪಗೆ ಕಾಣಬೇಕು. ಮೂವತ್ತಮೂರು ವರ್ಷದಿಂದ ಇದನ್ನೇ ಹೊಲಿದು, ಇದನ್ನೇ ಶಾಮಿಯಾನದ ಕಂಬಿಗೆ ಕಟ್ಟಿ ಬದುಕಿದ್ದೇನೆ. ಸತ್ತವನ ಮುಖವನ್ನು ಜನ್ಮದಲ್ಲಿ ನೋಡದವರ ದುಃಖವನ್ನು ಗಜ ಅಳೆದು ಕತ್ತರಿಸಿ ಕೊಡುವವಳು ನಾನು. ಹೆಸರು ಸು-ಗಿಮ್. ಊರಿಗೆಲ್ಲ ಗಿಮಕ್ಕ.

ಕಟ್ಟುವುದಕ್ಕೊಂದು ಕ್ರಮವಿದೆ. ರಾಷ್ಟ್ರಾಧ್ಯಕ್ಷರದು ಸತ್ತವರ ಫೋಟೋದ ನೇರ ಮೇಲೆ, ನಟ್ಟನಡುವೆ. ಅದರ ಎಡಬಲಕ್ಕೆ ಪದವಿಯ ಪ್ರಕಾರ ಉಳಿದವರು. ಕ್ರಮ ತಪ್ಪಿದರೆ ಹೆಣ ಏನೂ ಅನ್ನುವುದಿಲ್ಲ, ಕಾರ್ಯದರ್ಶಿಗಳು ಅನ್ನುತ್ತಾರೆ. ಇಬ್ಬರು ಕಾರ್ಯದರ್ಶಿಗಳು ಒಂದು ಮುದುಕಿಯ ಶವಪೆಟ್ಟಿಗೆಯ ಮುಂದೆ ಕೊರಳಪಟ್ಟಿ ಹಿಡಿದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ಹೋಂಗ್ ಚಿನ್-ಥ್ಯೆನ್ ಸತ್ತಾಗಲೂ ಹೀಗೇ ಆಯಿತು. ಎಂಬತ್ತನಾಲ್ಕು ವರ್ಷದ ಮನುಷ್ಯ, ನಾಲ್ಕು ಕೊಳಗಳಲ್ಲಿ ಮುರು ಮೀನು ಸಾಕುತ್ತಿದ್ದ. ಒಂದು ಮಧ್ಯಾಹ್ನ ಕೊಳದ ದಂಡೆಯ ಬೆಂಚಿನ ಮೇಲೆ ಮಲಗಿದವನು ಏಳಲಿಲ್ಲ. ಹೆಂಡತಿ ಆರು ವರ್ಷದ ಹಿಂದೆಯೇ ಹೋಗಿದ್ದಳು. ಆತನ ಒಂದು ಗುಣ ಊರಿಗೆಲ್ಲ ಗೊತ್ತಿತ್ತು: ರಾಜಕೀಯದ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಮತದಾನದ ದಿನ ಕಾಲು ತೊಳೆದು, ಬೂಟು ಹಾಕಿಕೊಂಡು ಹೋಗಿ ಮುದ್ರೆ ಒತ್ತಿ ಬರುವನು. ಯಾರಿಗೆ ಒತ್ತಿದೆ ಎಂದು ಕೇಳಿದರೆ ಆಕಾಶ ನೋಡಿ "ಮಳೆ ಬರೋ ಹಾಗಿದೆ" ಎನ್ನುವನು. ಬಿರುಬಿಸಿಲಿನಲ್ಲೂ ಅದೇ ಉತ್ತರ. ಹೆಂಡತಿಗೂ ಅಷ್ಟೇ, ತಮ್ಮನಿಗೂ ಅಷ್ಟೇ, ಮಕ್ಕಳಿಗೂ ಅಷ್ಟೇ.

ಮಕ್ಕಳು ಇಬ್ಬರು, ಎಣ್ಣೆ ಸೀಗೆಕಾಯಿ. ದೊಡ್ಡವನು ರುಯ್-ಬಿನ್, ಅಪ್ಪನ ಕೊಳಗಳನ್ನು ನೋಡಿಕೊಳ್ಳುವವನು. ಚಿಕ್ಕವಳು ಪೇ-ಶಾನ್, ನಾಡು ಯಾರ ಕೈಕೆಳಗೂ ಹೋಗಬಾರದು ಎನ್ನುವ ಹಸಿರು ಪಕ್ಷದಿಂದ ಪಂಚಾಯ್ತಿ ಸದಸ್ಯೆ, ಬರುವ ನವೆಂಬರಿನಲ್ಲಿ ಜಿಲ್ಲಾ ಪರಿಷತ್ತಿಗೆ ನಿಲ್ಲುವವಳು. ಇವರ ಜಗಳ ಹುಟ್ಟಿದ್ದು ಮೀನಿನಿಂದ. ನಾಲ್ಕು ವರ್ಷದ ಹಿಂದೆ ಆಚೆ ದಡದವರು, ಅಂದರೆ ಕಡಲಾಚೆ ಕೂತು ನಮ್ಮ ದ್ವೀಪ ತಮ್ಮದೇ ಎನ್ನುವ ದೊಡ್ಡ ದೇಶದವರು, ನಮ್ಮ ಮುರು ಮೀನಿನಲ್ಲಿ ಔಷಧಿ ಇದೆ ಎಂದು ಹೇಳಿ ಒಂದೇ ಏಟಿಗೆ ಬಾಗಿಲು ಹಾಕಿದರು. ಔಷಧಿ ಇದ್ದದ್ದು ಮೀನಿನಲ್ಲೋ ಅವರಿಗೆ ಹಿಡಿಸದ ನಮ್ಮ ಚುನಾವಣೆಯಲ್ಲೋ ಎಂದು ಊರೆಲ್ಲ ನಕ್ಕಿತು. ಆದರೆ ಕೊಳದಲ್ಲಿ ಮೀನು ಬೆಳೆಯುತ್ತಲೇ ಇತ್ತು. ಸರ್ಕಾರ ಅದನ್ನು ಶಾಲೆಯ ಮಕ್ಕಳ ಊಟಕ್ಕೆ ಹಾಕಿತು. ಆಮೇಲೆ ಅಮೆರಿಕಕ್ಕೆ ಮಾರಿ ಎಂದಿತು. ಪೇ-ಶಾನ್ ಮನೆಮನೆಗೆ ಹೋಗಿ ಅದನ್ನೇ ಹೇಳಿದಳು. ಊರವರು ಶೀತಲ ಪೆಟ್ಟಿಗೆ ಕೊಂಡು, ಮೀನು ಕೊಯ್ದು ಕಳಿಸುವುದು ಕಲಿಯುವ ಹೊತ್ತಿಗೆ ಅಮೆರಿಕದವರೂ ಸುಂಕ ಹಾಕಿದರು. ಒಬ್ಬ ದೊಡ್ಡಣ್ಣ ಬಾಗಿಲು ಮುಚ್ಚಿದ, ಇನ್ನೊಬ್ಬ ದೊಡ್ಡಣ್ಣ ಬಾಗಿಲು ತೆರೆದು ಹೊಸ್ತಿಲಲ್ಲಿ ಕೂತು ಕೈಚಾಚಿದ.

ಅಷ್ಟರಲ್ಲಿ ಆಚೆ ದಡದವರು ಒಂದು ಪಟ್ಟಿ ಮಾಡಿದರು. ಪಟ್ಟಿಯಲ್ಲಿ ಹೆಸರಿದ್ದವರ ಮೀನು ಮಾತ್ರ ತೆಗೆದುಕೊಳ್ಳುತ್ತಾರಂತೆ. ರುಯ್-ಬಿನ್ ಆ ಕಡೆ ಹೋಗಿ, ಐದು ದಿನ ಉಂಡು ಕುಡಿದು, ಫೋಟೋ ತೆಗೆಸಿಕೊಂಡು ಬಂದ. ಮೂರು ತಿಂಗಳಿಗೆ ಅವನ ಹೆಸರು ಬಂತು. ಇಡೀ ಊರಿನಲ್ಲಿ ಅವನೊಬ್ಬನದೇ. ಅವತ್ತಿನಿಂದ ಬಲೆ ಎಳೆಯುವ ಗುಂಪಿನವರು ಅವನ ಕೈಯಿಂದ ವೀಳ್ಯ ತೆಗೆದುಕೊಳ್ಳುವುದನ್ನು ಬಿಟ್ಟರು. ಯಾರೋ ಅವನ ಕೊಳದ ನೀರಿಗೆ ಗಾಳಿ ತುಂಬುವ ಯಂತ್ರದ ತಂತಿ ಕತ್ತರಿಸಿದರು. ತಂಗಿ ಪಂಚಾಯ್ತಿ ಸಭೆಯಲ್ಲಿ ಎದ್ದು ನಿಂತು, ಹೆಸರು ಹೇಳದೆ, "ಕೆಲವರ ಮೀನಿಗೆ ಮಾತ್ರ ರೋಗ ಹೇಗೆ ವಾಸಿಯಾಯಿತು?" ಎಂದು ಕೇಳಿದಳು. ಅಪ್ಪ ಮಾತ್ರ ಮಳೆ ಬರುವ ಹಾಗಿದೆ ಎಂದನಂತೆ.

ಅಂತ್ಯಕ್ರಿಯೆಗೆ ಒಂದು ದಿನ ಮುಂಚೆ ರುಯ್-ಬಿನ್ ನನ್ನ ಅಂಗಡಿಗೆ ಬಂದ. ಐವತ್ತೆರಡು ವರ್ಷದ ಗಂಡಸು, ಮುಖ ಬಾಡಿಹೋಗಿತ್ತು. ಚಹಾ ಕೊಟ್ಟೆ, ಮುಟ್ಟಲಿಲ್ಲ. ಫೋನು ತೆಗೆದು ಒಂದು ಬರಹ ತೋರಿಸಿದ. ಆಚೆ ದಡದ ಯಾವುದೋ ಜಿಲ್ಲೆಯ ಮೀನುಗಾರಿಕಾ ಸ್ನೇಹ ಸಂಘದ ಹೆಸರಿನಲ್ಲಿ ಬ್ಯಾನರ್ ಬೇಕು. ಓದಿ ಫೋನನ್ನು ವಾಪಸು ಅವನ ಕಡೆ ತಳ್ಳಿದೆ.

"ತಲೆ ಕೆಟ್ಟಿದೆಯೇನೋ ನಿಂಗೆ? ನಿನ್ ತಂಗಿ ಈ ಶಾಮಿಯಾನಕ್ಕೆ ಬೆಂಕಿ ಹಚ್ತಾಳೆ."

"ನಡುವೆ ಕಟ್ಟಬೇಕಂತೆ ಗಿಮಕ್ಕ. ಅಪ್ಪನ ಫೋಟೋ ಮೇಲೆ. ಒಂದು ಚಿತ್ರ ತೆಗೆದು ಕಳಿಸಬೇಕಂತೆ."

"ಯಾರು ಹೇಳಿದ್ದು?"

"ದಲ್ಲಾಳಿ ಕಾವ್. ಪಟ್ಟಿ ಈ ತಿಂಗಳು ಮತ್ತೆ ಬರೀತಾರೆ. ಕಡತಕ್ಕೆ ಅಂತ ಒಂದು ಚಿತ್ರ ಬೇಕು ಅಷ್ಟೇ, ಯಾರೂ ನೋಡಲ್ಲ ಅಂದ. ಚಿತ್ರ ಹೋಗದಿದ್ರೆ ಗುರುವಾರ ದೋಣಿ ಬರಲ್ಲ." ಅವನು ಫೋನನ್ನು ಮತ್ತೆ ನನ್ನ ಕಡೆ ತಳ್ಳಿದ. "ನಾಲ್ಕೂ ಕೊಳ ತುಂಬಿದೆ ಗಿಮಕ್ಕ. ಇನ್ನೊಂದು ತಿಂಗಳು ಇಟ್ಕೊಂಡ್ರೆ ಒಂದನ್ನೊಂದು ತಿಂದ್ಕೊಂಡು ಸಾಯ್ತವೆ. ಅಪ್ಪ ಮರಿ ತಂದು ಬಿಟ್ಟ ಮೀನು ಅವು."

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಆದರೆ ಮೂವತ್ತಮೂರು ವರ್ಷ ಎಲ್ಲ ಪಕ್ಷದವರನ್ನೂ ಒಂದೇ ಕಂಬಿಗೆ ಕಟ್ಟಿದ ಜಂಬ ನನಗೆ. ನನಗೆ ಗೊತ್ತಿಲ್ಲದ ಉಪಾಯವೇ ಎಂದುಕೊಂಡೆ. ಬೆಳಿಗ್ಗೆ ಆರು ಗಂಟೆಗೆ ನಾನೊಬ್ಬಳೇ ಶಾಮಿಯಾನದಲ್ಲಿ ಇರುತ್ತೇನೆ. ಹತ್ತು ನಿಮಿಷ ಕಟ್ಟುವುದು, ಅವನು ಚಿತ್ರ ತೆಗೆಯುವುದು, ಬಿಚ್ಚಿ ಮಡಿಸಿ ನನ್ನ ವ್ಯಾನಿನ ಸೀಟಿನಡಿ ಇಡುವುದು. ಏಳಕ್ಕೆ ತಂಗಿ ಬರುವ ಹೊತ್ತಿಗೆ ರಾಷ್ಟ್ರಾಧ್ಯಕ್ಷರು ತಮ್ಮ ಜಾಗದಲ್ಲಿರುತ್ತಾರೆ. ಈ ಜಾಣತನ ಅವನದಲ್ಲ, ನನ್ನದು. ಆಮೇಲೆ ಯಾರ ಮೇಲೂ ಹಾಕಲು ಬರುವುದಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.

ಹಾಗೇ ಮಾಡಿದೆವು. ಅಂಚು ನಾನೇ ಹೊಲಿದೆ, ಏಣಿ ನಾನೇ ಹತ್ತಿದೆ. ರುಯ್-ಬಿನ್ ಅಪ್ಪನ ಫೋಟೋದ ಮುಂದೆ ನಿಂತು ನಾಲ್ಕು ಚಿತ್ರ ತೆಗೆದ. ಫೋಟೋದಲ್ಲಿ ಮುದುಕ ಎಂದಿನ ಹಾಗೆ ಬಾಯಿ ಬಿಗಿದುಕೊಂಡಿದ್ದ. ಆರು ಹತ್ತಕ್ಕೆ ಬಿಚ್ಚಿದೆ.

ಪೇ-ಶಾನ್ ಬಂದವಳೇ ತಲೆ ಎತ್ತಿ ಬ್ಯಾನರ್‌ಗಳನ್ನು ಒಂದೊಂದಾಗಿ ನೋಡಿದಳು. ಮೈಮೇಲೆ ಸೆಣಬಿನ ಶೋಕವಸ್ತ್ರ, ಕೈಯಲ್ಲಿ ಫೋನು. ಅವಳ ಪಕ್ಷದ ಕಾರ್ಯದರ್ಶಿಯ ಬ್ಯಾನರ್ ಬಲಗಡೆ ಎರಡನೆಯದು. ಅದರ ಕೆಳಗೆ ನಿಂತು ಕಣ್ಣೊರೆಸಿಕೊಳ್ಳುವ ಹಾಗೆ ಒಂದು ಚಿತ್ರ ತೆಗೆಸಿಕೊಂಡಳು. ಅಣ್ಣ ಅದನ್ನು ನೋಡಿದ.

"ಸರಿಯಾಗಿ ಬಂತಾ? ಇನ್ನೊಂದ್ ಸಲ ಅಳು, ಕಣ್ಣು ಮುಚ್ಚಿತ್ತು."

"ನಿನ್ ತರ ಕದ್ದು ತೆಗೆಸ್ಕೊಳಲ್ಲ ನಾನು. ಎಲ್ಲರ ಎದುರಿಗೇ ತೆಗೆಸ್ಕೋತೀನಿ."

ಅವಳು ಸುಮ್ಮನೆ ಎಸೆದ ಮಾತು ಅದು, ಆಚೆ ದಡದ ಪ್ರವಾಸದ ಚಿತ್ರಗಳನ್ನು ನೆನೆದು. ನಾನು ಮಾತ್ರ ವ್ಯಾನಿನ ಬಾಗಿಲು ಹಾಕಿದೆಯೇ ಎಂದು ತಿರುಗಿ ನೋಡಿದೆ.

ಒಂಬತ್ತಕ್ಕೆ ಜನ ತುಂಬಿದರು. ಕಾರ್ಯದರ್ಶಿಗಳು ಬಂದು ಮೂರು ಸಲ ಬಾಗಿ, ಮುಂದಿನ ಹೆಣಕ್ಕೆ ಹೊರಟುಹೋದರು. ಹತ್ತೂಕಾಲಕ್ಕೆ ಶವಪೆಟ್ಟಿಗೆಗೆ ಮೊಳೆ ಹೊಡೆಯುವ ಶಾಸ್ತ್ರ. ಪಂಚಾಂಗ ನೋಡಿ ಬರೆದ ಮುಹೂರ್ತ ಹನ್ನೊಂದರ ಒಳಗೆ ಮುಗಿಯಬೇಕು. ಮೀರಿದರೆ ಮನೆಗೆ ಆಗದು. ತಾಯಿ ಸತ್ತರೆ ಸೋದರಮಾವ, ತಂದೆ ಸತ್ತರೆ ತಂದೆಯ ಅಣ್ಣತಮ್ಮಂದಿರು ಮೊಳೆ ಹೊಡೆಯಬೇಕು. ಅವರು ಬಂದು ಮುಖ ನೋಡಿ, ಸಾವಿನಲ್ಲಿ ಏನೂ ಮೋಸವಿಲ್ಲ ಎಂದು ಒಪ್ಪಿ ಕೊಡಲಿ ಎತ್ತಿದರೆ ಮಾತ್ರ ಪೆಟ್ಟಿಗೆ ಮುಚ್ಚುತ್ತದೆ. ನಾಲ್ಕು ಮೂಲೆಗೆ ನಾಲ್ಕು ಮೊಳೆ. ಐದನೆಯದು ವಂಶದ ಮೊಳೆ: ತಲೆಯ ಕಡೆ, ಬಣ್ಣದ ದಾರ ಸುತ್ತಿದ್ದು, ಮೆತ್ತಗೆ ತಾಗಿಸಿದರೆ ಸಾಕು. ಹಿರಿಮಗ ಅದನ್ನು ಹಲ್ಲಿನಿಂದ ಕಿತ್ತು ಮನೆಯ ಊದುಬತ್ತಿಯ ಬಟ್ಟಲಲ್ಲಿ ಇಡಬೇಕು. ಆಗಲೇ ಮನೆತನ ಮುಂದುವರಿಯಿತು ಎಂದು ಲೆಕ್ಕ.

ಚಿನ್-ಥ್ಯೆನ್‌ಗೆ ಉಳಿದಿದ್ದವನು ಒಬ್ಬನೇ ತಮ್ಮ, ಚಿನ್-ಶುಯ್. ಎಪ್ಪತ್ತೊಂಬತ್ತು ವರ್ಷ, ಬೆನ್ನು ಇನ್ನೂ ನೆಟ್ಟಗೆ. ಹರೆಯದಲ್ಲಿ ಎರಡು ವರ್ಷ ಗಡಿಯ ದ್ವೀಪದಲ್ಲಿ ಸಿಪಾಯಿಯಾಗಿ ಕಾಯ್ದು, ಆಚೆ ದಡದಿಂದ ದಿನ ಬಿಟ್ಟು ದಿನ ಬೀಳುತ್ತಿದ್ದ ಗುಂಡು ಎಣಿಸಿದವನು. ರುಯ್-ಬಿನ್ ಮಂಡಿಯೂರಿ, ಕೆಂಪು ಬಟ್ಟೆ ಸುತ್ತಿದ ಕೊಡಲಿಯನ್ನು ತಟ್ಟೆಯಲ್ಲಿಟ್ಟು ಚಿಕ್ಕಪ್ಪನ ಮುಂದೆ ಹಿಡಿದ. ಮುದುಕ ಎತ್ತಿಕೊಂಡ. ಮೊದಲ ಮೂಲೆಗೆ ಹೋಗಿ ಸಣ್ಣಗೆ ಒಂದೇಟು ಹಾಕಿ ಕೂಗಿದ:

"ಮೂಡಣಕ್ಕೆ ಒಂದು ಮೊಳೆ! ಮಕ್ಕಳು ಮೊಮ್ಮಕ್ಕಳಿಗೆ ಅನ್ನ ಇದೆಯೋ?"

"ಇದೆ!" ಎಂದು ನೆಲದ ಮೇಲಿದ್ದ ಮನೆಯವರೆಲ್ಲ ಕೂಗಿದರು. ಅಣ್ಣ ತಂಗಿ ಒಂದೇ ದನಿಯಲ್ಲಿ ಒಂದೇ ಮಾತು ಆಡಿದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತೋ.

ಎರಡನೆಯ ಮೂಲೆಗೆ ಹೋಗುವಾಗ ಫೋನುಗಳು ಗುಂಯ್‌ಗುಟ್ಟತೊಡಗಿದವು. ಮೊದಲು ಹಿಂದಿನ ಸಾಲಿನಲ್ಲಿ ಒಂದು, ಆಮೇಲೆ ಐದು, ಆಮೇಲೆ ಶಾಮಿಯಾನದ ತುಂಬ. ಹೊಸ ಸುದ್ದಿ ಊರಿನ ಫೋನ್ ಗುಂಪಿಗೆ ಬಿದ್ದಿತ್ತು. ಬಲೆ ಎಳೆಯುವವನೊಬ್ಬ ತನ್ನ ಫೋನನ್ನು ನೋಡಿ, ರುಯ್-ಬಿನ್‌ನನ್ನು ನೋಡಿ, ಎದ್ದು ಬಂದು ಏನೂ ಹೇಳದೆ ಫೋನನ್ನು ಪೇ-ಶಾನಳ ಕೈಗೆ ಕೊಟ್ಟ.

ಅವಳು ಮಂಡಿಯೂರಿದ್ದಲ್ಲಿಂದ ಎದ್ದಳು. ಗಟ್ಟಿಯಾಗಿ ಓದಿದಳು. ಆಚೆ ದಡದ ಒಂದು ಪತ್ರಿಕೆ. ಮೇಲೆ ನಮ್ಮ ಶಾಮಿಯಾನ, ಅಪ್ಪನ ಫೋಟೋ, ನಡುವೆ ಆ ಬ್ಯಾನರ್. ಕೆಳಗೆ ಬರೆದಿತ್ತು: ಹಿರಿಯ ಮೀನು ಸಾಕಣೆಗಾರ ಹೋಂಗ್ ಚಿನ್-ಥ್ಯೆನ್ ಅವರ ಕೊನೆಯ ಮಾತು, ಎರಡೂ ದಡ ಒಂದೇ ಮನೆಯಾಗುವುದನ್ನು ಕಾಣದೆ ಕಣ್ಣು ಮುಚ್ಚುತ್ತಿದ್ದೇನೆ ಎಂಬುದು. ಮಗ ರುಯ್-ಬಿನ್ ಮತ್ತು ಮಗಳು, ಪಂಚಾಯ್ತಿ ಸದಸ್ಯೆ ಪೇ-ಶಾನ್, ಸ್ನೇಹ ಸಂಘದ ಸಂತಾಪವನ್ನು ಕಣ್ಣೀರಿನಿಂದ ಸ್ವೀಕರಿಸಿದರು.

ಓದಿ ಮುಗಿಸಿ ಆ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಅವಳ ಪಾಲಿಗೆ ನವೆಂಬರಿನ ಚುನಾವಣೆ ಮುಗಿದೇ ಹೋಯಿತು ಎಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಆ ಸಾಲು, ಆ ಕೊನೆಯ ಮಾತು. ಎಂಬತ್ತನಾಲ್ಕು ವರ್ಷ ಬಾಯಿ ಬಿಡದವನ ಬಾಯೊಳಗೆ ಕೈಹಾಕಿ ತಮಗೆ ಬೇಕಾದ ಮಾತನ್ನು ಹೊರಗೆ ಎಳೆದಿದ್ದರು.

ಅವಳು ನನ್ನ ಕಡೆ ತಿರುಗಿದಳು. "ಗಿಮಕ್ಕ, ಈ ಅಂಚು ನೀವು ಹೊಲಿದಿದ್ದು."

"ನಾನೇ ಹೊಲಿದದ್ದು," ಎಂದೆ. "ಕಟ್ಟಿದ್ದೂ ನಾನೇ. ಹತ್ತು ನಿಮಿಷ."

"ಹತ್ತು ನಿಮಿಷ!" ಅವಳು ನಕ್ಕಳು. ಆಮೇಲೆ ಅಣ್ಣನ ಕಡೆ ಹೋದಳು. "ಎಷ್ಟಕ್ಕೆ ಮಾರಿದೆ? ಅಪ್ಪನ್ನ ಕೆಜಿ ಲೆಕ್ಕದಲ್ಲಿ ಮಾರಿದ್ಯಾ, ಇಡೀ ಮೀನು ಅಂತ ಮಾರಿದ್ಯಾ?"

ರುಯ್-ಬಿನ್ ಮಂಡಿಯೂರಿದ್ದಲ್ಲೇ ಇದ್ದ. "ಕಡತಕ್ಕೆ ಅಂದ್ರು ಕಣೆ. ಬರೆಯೋದು ನಂಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ! ಹಾಲು ಕುಡಿಯೋ ಮಗು."

ಚಿಕ್ಕಪ್ಪ ಕೊಡಲಿಯನ್ನು ಎದೆಗೆ ಅಡ್ಡ ಹಿಡಿದು ನಿಂತಿದ್ದ. ಫೋನು ಕೊಡಲು ಹೇಳಿದ. ಕನ್ನಡಕ ಹಾಕಿಕೊಂಡು ತಾನೇ ಓದಿದ, ನಿಧಾನವಾಗಿ, ತುಟಿ ಅಲ್ಲಾಡಿಸುತ್ತ. ಪುರೋಹಿತ ಗಡಿಯಾರ ನೋಡಿಕೊಂಡ. ಹತ್ತೂವರೆ.

"ಲೇ, ರುಯ್-ಬಿನ್," ಎಂದ ಮುದುಕ. "ನಮ್ಮಣ್ಣ ಹೀಗಂದ್ನಾ?"

"ಇಲ್ಲ ಚಿಕ್ಕಪ್ಪ."

"ನಂಗ್ ಹೇಳ್ಬೇಡ. ಆ ಫೋನಿಗೆ ಹೇಳು. ಎಲ್ಲಾರೂ ಹಿಡ್ಕೊಂಡು ನಿಂತವ್ರೆ ನೋಡು, ಚಿತ್ರ ತೆಗೀಲಿ. ನಮ್ಮಪ್ಪ ಹಾಗೆ ಹೇಳಿಲ್ಲ. ಮೂರೇ ಪದ. ಹೇಳು, ನಾನು ಮೊಳೆ ಹೊಡೀತೀನಿ."

ರುಯ್-ಬಿನ್ ತಲೆ ಎತ್ತಲಿಲ್ಲ. "ಹೇಳಿದ್ರೆ ಗುರುವಾರ ದೋಣಿ ಬರಲ್ಲ."

"ಹೇಳದಿದ್ರೆ ಮೊಳೆ ಇಳಿಯಲ್ಲ."

ಶಾಮಿಯಾನದಲ್ಲಿ ಒಂದು ಫೋನೂ ಕೆಳಗೆ ಇರಲಿಲ್ಲ. ರುಯ್-ಬಿನ್ ಎದ್ದು ನಿಂತ. ಸೆಣಬಿನ ಟೋಪಿಯನ್ನು ಹಿಂದಕ್ಕೆ ಸರಿಸಿ ಸುತ್ತಲೂ ನೋಡಿದ. ಅಷ್ಟು ಹೊತ್ತು ತಗ್ಗಿದ್ದ ಮನುಷ್ಯನಿಗೆ ಎಲ್ಲಿಂದ ಬಂತೋ ಸಿಟ್ಟು.

"ಚಿತ್ರ ತೆಗೀರಿ, ಚೆನ್ನಾಗಿ ತೆಗೀರಿ! ನೀವೆಲ್ಲ ದೇಶಭಕ್ತರು. ಬಾಗಿಲು ಹಾಕಿದ ವರ್ಷ ಅಪ್ಪ ದಿನಾ ದಂಡೆ ಮೇಲೆ ಕೂತು ಸತ್ತ ಮೀನು ಆರಿಸಿ ಹೂಳ್ತಿದ್ದ. ಯಾರ್ ಬಂದ್ರಿ? ಈ ಮೇಲೆ ನೇತಾಡ್ತಿದಾವಲ್ಲ, ಈ ಹೆಸರುಗಳಲ್ಲಿ ಒಂದಾದ್ರೂ ಒಂದು ಮೀನು ಕೊಂಡ್ಕೊಂಡಿದೆಯಾ?" ಅವನು ತಂಗಿಯ ಪಕ್ಷದ ಬ್ಯಾನರಿನ ಕಡೆ ಬೆರಳು ತೋರಿಸಿದ. "ಅಲ್ಲಿ ಏನ್ ಬರ್ದಿದೆ ಓದೇ. ನಾಡಿನ ಸ್ವಾತಂತ್ರ್ಯಕ್ಕಾಗಿ ಬಾಳಿದ ಹಿರಿಯ ಜೀವ ಅಂತೆ. ಅಪ್ಪ ನಿಂಗೆ ಹಾಗಂತ ಹೇಳಿದ್ನಾ? ಯಾವಾಗ ಹೇಳಿದ? ನೀನು ಅದರ ಕೆಳಗೆ ನಿಂತು ಅತ್ತೆ, ಕಳಿಸ್ದೆ. ನಾನು ಕಳಿಸಿದ್ರೆ ಮಾರಾಟ, ನೀನ್ ಕಳಿಸಿದ್ರೆ ಸಂತಾಪ!"

ಅಲ್ಲಿದ್ದವರೆಲ್ಲ ಮೇಲೆ ನೋಡಿದರು, ನಾನೂ ನೋಡಿದೆ. ನಾನೇ ಹೊಲಿದ ಅಕ್ಷರಗಳು. ಅದನ್ನು ಹೊಲಿಯುವಾಗ ನನಗೆ ಏನೂ ಅನ್ನಿಸಿರಲಿಲ್ಲ ಎಂಬುದು ಆಗ ನೆನಪಾಯಿತು.

ಆಮೇಲೆ ಪೇ-ಶಾನ್ ಹಲ್ಲು ಕಚ್ಚಿ ಹೇಳಿದಳು: "ನನ್ ಕಡೆಯವರು ಅಪ್ಪನ್ನ ಹೊಗಳಿದ್ರು. ನಿನ್ ಕಡೆಯವರು ಅಪ್ಪನ ಬಾಯಿ ತೆಗ್ದು ಮಾತಾಡಿಸಿದ್ರು. ವ್ಯತ್ಯಾಸ ಗೊತ್ತಾಗ್ದಿದ್ರೆ ಆ ಕೊಳಕ್ಕೇ ಹೋಗಿ ಬೀಳು."

"ಇಬ್ರೂ ಬಾಯ್ ಮುಚ್ರೋ," ಎಂದ ಚಿಕ್ಕಪ್ಪ. "ನಮ್ಮಣ್ಣ ಜನ್ಮದಲ್ಲಿ ಹೇಳಿದ್ದು ಒಂದೇ, ಮಳೆ ಬರೋ ಹಾಗಿದೆ ಅಂತ. ಯಾಕಂದ್ರೆ ಈ ಎರಡು ನಾಯಿಗಳು ಕಚ್ಚಾಡ್ತವೆ ಅಂತ ಅವನಿಗ್ ಗೊತ್ತಿತ್ತು." ಕೊಡಲಿಯನ್ನು ತಟ್ಟೆಯಲ್ಲಿಟ್ಟ. "ಮೂರು ಪದ ಕೇಳ್ದೆ. ಆಗಲ್ಲ ಅಂದ್ರೆ ನಾನು ಮನೆಗ್ ಹೋಗ್ತೀನಿ."

ಹೇಳಿದ ಹಾಗೇ ಹೊರಟ. ನೆಟ್ಟನೆಯ ಬೆನ್ನು, ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಪುರೋಹಿತ ಓಡಿಹೋಗಿ ತೋಳು ಹಿಡಿದ, ಮುದುಕ ಕೊಡವಿಕೊಂಡ. ಹತ್ತು ಐವತ್ತಾಗಿತ್ತು.

"ಬೇರೆ ಯಾರಾದ್ರೂ ದಾಯಾದಿಗಳು ಇದಾರಾ?" ಎಂದು ಪುರೋಹಿತ ಗೋಗರೆದ. ಹೋಂಗ್ ಮನೆತನದ ದೂರದವರು ಇಬ್ಬರಿದ್ದರು, ಇಬ್ಬರೂ ನೆಲ ನೋಡಿದರು. ಆ ಕೊಡಲಿ ಹಿಡಿದವರ ಚಿತ್ರ ಯಾವ ದಡದ ಪತ್ರಿಕೆಗೆ ಹೋಗುತ್ತದೋ ಯಾರು ಬಲ್ಲರು.

ಆಗ ರುಯ್-ಬಿನ್ ಕೊಡಲಿ ಎತ್ತಿಕೊಂಡ.

ಹೆಂಗಸರು ಹೋ ಎಂದು ಕೂಗಿದರು. ಅಪ್ಪನ ಪೆಟ್ಟಿಗೆಗೆ ಮಗನೇ ಮೊಳೆ ಹೊಡೆಯುವುದನ್ನು ನಮ್ಮ ಕಡೆ ಯಾರೂ ಕಂಡವರಿಲ್ಲ; ಅಪ್ಪನನ್ನು ತಾನೇ ಹೊರಗೆ ಹಾಕಿ ಅಗುಳಿ ಜಡಿದ ಹಾಗೆ ಅದು. ಅವನ ಹೆಂಡತಿ ಕಾಲು ಹಿಡಿದುಕೊಂಡಳು, ಬಿಡಿಸಿಕೊಂಡ. ಎರಡನೆಯ ಮೂಲೆಗೆ ಹೊಡೆದ. "ಅನ್ನ ಇದೆಯೋ?" ಎಂದು ಕೂಗಿದ, ದನಿ ಒಡೆದಿತ್ತು. ಯಾರೂ 'ಇದೆ' ಎನ್ನಲಿಲ್ಲ. ಮೂರನೆಯದಕ್ಕೆ ಹೊಡೆದ. "ಮನೆ ಇದೆಯೋ?" ಯಾರೂ ಅನ್ನಲಿಲ್ಲ. ನಾಲ್ಕನೆಯದಕ್ಕೆ ಅವನು ಕೂಗಲೂ ಇಲ್ಲ, ಬರಿದೇ ಹೊಡೆದ. ತಲೆಯ ಕಡೆ ಬಂದು, ಕಣ್ಣಲ್ಲಿ ನೀರು ಸುರಿಯುತ್ತ, ಅದೇ ರಭಸದಲ್ಲಿ ಐದನೆಯದರ ಮೇಲೂ ಕೊಡಲಿಯ ಹಿಂಬದಿಯನ್ನು ಅಪ್ಪಳಿಸಿದ.

"ಅದು ಮೆತ್ತಗೆ! ಅದು ಮೆತ್ತಗೆ!" ಎಂದು ಪುರೋಹಿತ ಕೂಗುವಷ್ಟರಲ್ಲಿ ಮುಗಿದಿತ್ತು. ವಂಶದ ಮೊಳೆ ತಲೆಯವರೆಗೂ ಒಳಗೆ ಹೋಗಿತ್ತು. ಬಣ್ಣದ ದಾರ ಮಾತ್ರ ಹೊರಗೆ ಇಣುಕುತ್ತಿತ್ತು.

ಏನು ಮಾಡಿದೆ ಎಂಬುದು ಅವನಿಗೆ ತಟ್ಟಲು ಸ್ವಲ್ಪ ಹೊತ್ತು ಬೇಕಾಯಿತು. ಕೊಡಲಿ ಕೆಳಗಿಟ್ಟ. ಪೆಟ್ಟಿಗೆಯ ಮೇಲೆ ಬಗ್ಗಿ ದಾರವನ್ನು ಹಲ್ಲಿನಲ್ಲಿ ಹಿಡಿದು ಎಳೆದ. ದಾರ ಕಿತ್ತುಬಂತು. ಮೊಳೆಯ ತಲೆಗೇ ಹಲ್ಲು ಹಾಕಿದ, ಜಾರಿತು. ಮತ್ತೆ ಹಾಕಿದ. ಎರಡು ಕೈಯಲ್ಲಿ ಪೆಟ್ಟಿಗೆಯ ಅಂಚು ಹಿಡಿದು, ಕುತ್ತಿಗೆಯ ನರ ಉಬ್ಬಿಸಿ, ಮರವನ್ನೇ ಕಚ್ಚಿದ. ತುಟಿಯಿಂದ ರಕ್ತ ಇಳಿದು ಮೆರುಗೆಣ್ಣೆಯ ಮೇಲೆ ಬಿತ್ತು. ಎಲ್ಲರೂ ನೋಡುತ್ತಿದ್ದರು. ಫೋನುಗಳು ಕೆಲವು ಇಳಿದವು, ಕೆಲವು ಇಳಿಯಲಿಲ್ಲ.

ನನ್ನ ಸೊಂಟದ ಚೀಲದಲ್ಲಿ ಇಕ್ಕಳವಿತ್ತು. ಬ್ಯಾನರಿನ ತಂತಿ ಬಿಗಿಯುವ ಇಕ್ಕಳ, ಸದಾ ಇರುತ್ತದೆ. ಕೈ ತಾನಾಗಿ ಅದರ ಮೇಲೆ ಹೋಯಿತು. ಪೇ-ಶಾನ್ ನೋಡಿದಳು.

"ಕೊಡಬೇಡಿ," ಎಂದಳು. "ಹಲ್ಲಿಂದಾನೇ ತೆಗೀಲಿ. ಶಾಸ್ತ್ರ."

ನಾನು ಕೊಡಲಿಲ್ಲ. ಅವಳಿಗೆ ಹೆದರಿ ಅಲ್ಲ. ಬೆಳಗಿನಿಂದ ನನ್ನ ಎದೆಯಲ್ಲಿದ್ದ ತಪ್ಪನ್ನು ಅವನೊಬ್ಬನ ಬಾಯೇ ತೀರಿಸಲಿ ಎಂಬ ಕೆಟ್ಟ ಆಸೆ ನನ್ನಲ್ಲಿತ್ತು. ಇಂಥದ್ದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಅದೇ ನಿಜ. ಟಕ್ ಎಂದು ಸದ್ದಾಯಿತು. ಮುರಿದದ್ದು ಅವನ ಮುಂದಿನ ಹಲ್ಲು. ಮೊಳೆ ಹಾಗೇ ಇತ್ತು. ಹನ್ನೊಂದಕ್ಕೆ ಪೆಟ್ಟಿಗೆಯನ್ನು ಹಾಗೇ ಗಾಡಿಗೆ ಏರಿಸಿದರು.

ಮಧ್ಯಾಹ್ನ ಮೂರಕ್ಕೆ ಚಿತಾಗಾರದಿಂದ ಕರೆ ಬಂತು. ಅಸ್ಥಿ ಆರಿಸಲು ಹೋದವರು ನಾಲ್ಕೇ ಜನ: ಅಣ್ಣ, ಅತ್ತಿಗೆ, ತಂಗಿ, ಮತ್ತು ನಾನು. ನನ್ನನ್ನು ಯಾರೂ ಕರೆದಿರಲಿಲ್ಲ. ಆದರೂ ಹೋದೆ, ಮನೆಯಲ್ಲಿ ಕೂರಲು ಆಗಲಿಲ್ಲ. ಹೋಗುವ ದಾರಿಯಲ್ಲಿ ವ್ಯಾನ್ ನಿಲ್ಲಿಸಿ ಸೀಟಿನಡಿಯ ಆ ಬ್ಯಾನರನ್ನು ಚೂರು ಚೂರು ಮಾಡಿದೆ. ಅದರಿಂದ ಏನೂ ಆಗಲಿಲ್ಲ.

ಅಲ್ಲಿನ ಕೆಲಸದವನು ತಟ್ಟೆಯನ್ನು ಹೊರಗೆ ಎಳೆದು, ಎಲುಬು ಎತ್ತಿಕೊಳ್ಳುವ ಉದ್ದನೆಯ ಕಡ್ಡಿಗಳನ್ನು ಕೊಟ್ಟ. ಕಾಲಿನ ಎಲುಬಿನಿಂದ ಶುರುಮಾಡಿ ತಲೆಯವರೆಗೆ, ಮಡಕೆಯೊಳಗೆ ಮನುಷ್ಯ ನೆಟ್ಟಗೆ ಕೂರುವ ಹಾಗೆ ಜೋಡಿಸಬೇಕು. ರುಯ್-ಬಿನ್ ಬಾಯಿಗೆ ಹತ್ತಿ ಕಚ್ಚಿಕೊಂಡು ಮೊದಲ ಎಲುಬು ಇಟ್ಟ. ಪೇ-ಶಾನ್ ಎರಡನೆಯದನ್ನು. ಒಬ್ಬರ ಕಡ್ಡಿ ಇನ್ನೊಬ್ಬರದಕ್ಕೆ ತಾಗದ ಹಾಗೆ ಇಬ್ಬರೂ ಜಾಗ್ರತೆಯಾಗಿ ಇಟ್ಟರು.

ತಲೆಯ ಕಡೆ ಬೂದಿಯಲ್ಲಿ ಅದು ಸಿಕ್ಕಿತು. ಉಳಿದ ಮೊಳೆಗಳನ್ನೆಲ್ಲ ಕೆಲಸದವನು ಅಯಸ್ಕಾಂತದಲ್ಲಿ ತೆಗೆದುಬಿಟ್ಟಿದ್ದ, ಇದೊಂದು ತಪ್ಪಿಸಿಕೊಂಡಿತ್ತು. ಚಿಕ್ಕದು, ಕರಿದಾಗಿ ಸೊಟ್ಟಗಾಗಿತ್ತು. ಪೇ-ಶಾನ್ ಕಡ್ಡಿಗಳಲ್ಲಿ ಅದನ್ನು ಎತ್ತಿ ನೋಡಿದಳು.

"ಕೈ ಚಾಚು," ಎಂದಳು.

ರುಯ್-ಬಿನ್ ಚಾಚಿದ. ಅವಳು ಬಿಟ್ಟಳು. ಕಬ್ಬಿಣ ಇನ್ನೂ ಆರಿರಲಿಲ್ಲ; ಅವನ ಮೈ ಜುಮ್ಮೆಂದದ್ದು ನನಗೆ ಕಂಡಿತು. ಆದರೆ ಕೊಡವಲಿಲ್ಲ. ಬೆರಳು ಮಡಿಸಿ ಮುಷ್ಟಿ ಬಿಗಿದ.

ಆಗ ಅವನ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಜೇಬಿನಿಂದ ಅರ್ಧ ಹೊರಬಂದಿದ್ದ ಪರದೆಯ ಬೆಳಕು ಜಾಳು ಸೆಣಬಿನ ಬಟ್ಟೆಯ ಒಳಗಿನಿಂದ ಕಾಣುತ್ತಿತ್ತು, ಹೆಸರೂ ಕಾಣುತ್ತಿತ್ತು: ದಲ್ಲಾಳಿ ಕಾವ್. ಗುರುವಾರ ದೋಣಿ ಬರುವುದು ಗಟ್ಟಿಯಾಗಿತ್ತು, ಇಲ್ಲದಿದ್ದರೆ ಆ ಮನುಷ್ಯ ಕರೆ ಮಾಡುವವನಲ್ಲ. ಅತ್ತಿಗೆ ಗಂಡನ ಮುಖ ನೋಡಿದಳು. ರುಯ್-ಬಿನ್ ಅಲ್ಲಾಡಲಿಲ್ಲ. ಬಲಗೈ ಮುಷ್ಟಿಯಲ್ಲಿ ಮೊಳೆ, ಎಡಗೈಯಲ್ಲಿ ಅಪ್ಪನ ಎಲುಬು ಹಿಡಿದ ಕಡ್ಡಿ.

"ಎತ್ತು ಅಣ್ಣ," ಎಂದಳು ಪೇ-ಶಾನ್, ಬೆಳಗಿನಿಂದ ಮೊದಲ ಸಲ ಮೆಲ್ಲಗೆ. "ಎತ್ತಿ ಕೇಳು. ಅಪ್ಪ ಇನ್ನೂ ಏನೇನ್ ಹೇಳಿದಾನೆ ಅಂತ."

ಫೋನು ಹೊಡೆದುಕೊಂಡು ಹೊಡೆದುಕೊಂಡು ತಾನಾಗಿ ನಿಂತಿತು. ಅವನು ಮುಷ್ಟಿ ಬಿಚ್ಚಲಿಲ್ಲ.